ಟೈ ಗಂಟಿಗೆ ಹೆದರಬೇಡಿ

ನಿತ್ಯ ರಾತ್ರಿ ಟೈ ಕಟ್ಟಿಕೊಂಡು ನಿಮ್ಮ ಮುಂದೆ ಕೂರುವವನು ನಾನು. ಆದರೆ ಒಂದು ಸತ್ಯ ಹೇಳಲೇಬೇಕು. ಇಂಜಿನಿಯರಿಂಗ್ ಕೊನೆಯ ವರ್ಷದವರೆಗೂ ನನಗೆ ಟೈ ಕಟ್ಟೋಕೆ ಬರ್ತಿರಲಿಲ್ಲ.

ಕ್ಯಾಂಪಸ್ ಇಂಟರ್‌ವ್ಯೂ ದಿನ ಹಾಸ್ಟೆಲ್‌ನಲ್ಲಿ ಯಾರೋ ಒಬ್ಬ ಗಂಟು ಹಾಕ್ತಿದ್ದ. ಅದನ್ನೇ ಸಡಿಲಿಸಿ ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ದಾಟಿಸೋದು ನಮ್ಮ ಪದ್ಧತಿ. ನನ್ನ ಸರದಿ ಇನ್ನೇನು ಬರಬೇಕು, ಕೊರಳು ಬಿಗಿಯುತ್ತೆ ಅಂತ ಎಳೆದೆ ನೋಡಿ, ಇಡೀ ಗಂಟೇ ಬಿಚ್ಚಿಹೋಯ್ತು. ಬೆವರುತ್ತಾ ನಿಂತವನನ್ನು ಬಾಗಿಲ ಬಳಿಯ ಸೆಕ್ಯುರಿಟಿಯವರು ಗಮನಿಸಿದರು. ಯೂನಿಫಾರ್ಮ್ ಜೊತೆ ದಿನಾ ಟೈ ಕಟ್ಟುವ ಹಿರಿಯರು. "ಇಲ್ಲಿ ಬಾರಪ್ಪ, ಕಾಲರ್ ಎತ್ತು. ನಾನು ಹೇಳ್ತೀನಿ, ನೀನೇ ಕಟ್ಟು" ಅಂದರು. ಎರಡೇ ನಿಮಿಷ. ಇವತ್ತಿಗೂ ನಾನು ಕಟ್ಟೋದು ಅದೇ ಗಂಟು.

ಅದರ ಹೆಸರು ಫೋರ್ ಇನ್ ಹ್ಯಾಂಡ್. ಹೊಸಬರು ಇದನ್ನೇ ಮೊದಲು ಕಲೀಬೇಕು. ಅಗಲದ ತುದಿ ಬಲಗಡೆ ಇರಲಿ, ಕಿರಿದಾದ ತುದಿಗಿಂತ ಒಂದಡಿ ಕೆಳಗೆ ಇಳಿಯಲಿ. ಅದನ್ನು ಕಿರಿದಾದದ್ದರ ಮೇಲೆ ದಾಟಿಸಿ, ಹಿಂದಿನಿಂದ ತನ್ನಿ, ಮತ್ತೊಮ್ಮೆ ಮುಂದೆ ಸುತ್ತಿ. ಈಗ ಕೊರಳ ಸುತ್ತಿನ ಒಳಗಿನಿಂದ ಮೇಲಕ್ಕೆತ್ತಿ, ಮುಂದಿನ ಸುತ್ತಿನೊಳಗೆ ಕೆಳಕ್ಕೆ ತೂರಿಸಿ. ಕಿರಿದಾದ ತುದಿ ಹಿಡಿದು ಗಂಟನ್ನು ಮೇಲೆ ಸರಿಸಿ. ಟೈ ತುದಿ ಬೆಲ್ಟ್ ಬಕಲ್ ಮುಟ್ಟಿದರೆ ಸಾಕು.

ಗಂಟು ಸ್ವಲ್ಪ ಓರೆ ಕೂರುತ್ತೆ. ಅದು ನಿಮ್ಮ ತಪ್ಪಲ್ಲ, ಆ ಗಂಟಿನ ಸ್ವಭಾವ. ಕಾಲರ್‌ನ ಎರಡು ತುದಿ ದೂರ ದೂರ ಇದ್ದರೆ, ಎರಡೂ ಕಡೆ ಸುತ್ತಿ ಕಟ್ಟುವ ದಪ್ಪನೆಯ ವಿಂಡ್ಸರ್ ಒಪ್ಪುತ್ತೆ. ಕಾಲರ್ ಕಿರಿದು, ಟೈ ಬಟ್ಟೆ ದಪ್ಪ ಅಂದರೆ ಸಣ್ಣ ಗಂಟೇ ಸರಿ. ತಮಾಷೆ ಅಂದರೆ, ಯಾರ ಹೆಸರು ಆ ಗಂಟಿಗೆ ಬಂತೋ ಆ ಡ್ಯೂಕ್ ಆಫ್ ವಿಂಡ್ಸರ್ ಅದನ್ನು ಕಟ್ತಾನೇ ಇರಲಿಲ್ಲ. ದಪ್ಪ ಟೈ ಹೊಲಿಸಿಕೊಂಡು ಸಾದಾ ಗಂಟು ಹಾಕ್ತಿದ್ದರು.

ಇನ್ನೆಷ್ಟು ಗಂಟು ಇದೆ ಅಂತೀರಾ? 1999ರಲ್ಲಿ ಕೇಂಬ್ರಿಡ್ಜ್‌ನ ಭೌತವಿಜ್ಞಾನಿಗಳಾದ ಥಾಮಸ್ ಫಿಂಕ್ ಮತ್ತು ಯೋಂಗ್ ಮಾವ್ ಲೆಕ್ಕ ಹಾಕಿ, ಒಂಬತ್ತು ಸುತ್ತಿನೊಳಗೆ 85 ಗಂಟು ಸಾಧ್ಯ ಅಂತ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇಂಜಿನಿಯರ್ ಆಗಿ ನನಗೆ ಈ ಲೆಕ್ಕ ಇಷ್ಟ. ಆದರೆ ಬದುಕಿಗೆ ಒಂದೇ ಸಾಕು.

ನನ್ನ ವೃತ್ತಿಯವರದೇ ಒಂದು ಕಥೆ ಕೇಳಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾನ್ ಶೆಲ್ಬಿ ಎಂಬ ಟಿವಿ ಆ್ಯಂಕರ್. ಅವರ ಟೈ ಸರಿಯಿಲ್ಲ ಅನ್ನಿಸಿದ್ದು 92ರ ವೃದ್ಧ ಜೆರ್ರಿ ಪ್ರ್ಯಾಟ್ ಅವರಿಗೆ. ಟೈಯನ್ನು ಒಳಮೈ ಹೊರಗೆ ಮಾಡಿ ಶುರು ಮಾಡುವ ತಮ್ಮ ಗಂಟನ್ನು ಶೆಲ್ಬಿಗೆ ಕಲಿಸಿದರು. ಶೆಲ್ಬಿ ಅದನ್ನೇ ಕಟ್ಟಿ ಸುದ್ದಿ ಓದಿದರು. 1989ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು. ಆ್ಯಂಕರ್‌ಗೇ ತಿದ್ದುವವರು ಬೇಕಾಯ್ತು. ನನಗೂ ಬೇಕಾಗಿತ್ತು.

ಟೈ ನಮ್ಮ ಸೆಕೆಗೆ ಹೇಳಿಸಿದ್ದಲ್ಲ, ಒಪ್ಪುತ್ತೇನೆ. ಆದರೆ ಅದು ಬರಲ್ಲ ಅನ್ನುವ ಹೆದರಿಕೆಯಲ್ಲಿ ಹಳ್ಳಿ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ ಬರುವ ಉತ್ತರವನ್ನೂ ಮರೀಬಾರದು. ನಿಮ್ಮ ಮನೆಯಲ್ಲಿ ಅಂಥ ಮಗನೋ ತಮ್ಮನೋ ಇದ್ದರೆ, ದಯವಿಟ್ಟು ಟೈ ಕಟ್ಟಿಕೊಡಬೇಡಿ. ಕನ್ನಡಿ ಮುಂದೆ ನಿಲ್ಲಿಸಿ, ಕಲಿಸಿಕೊಡಿ.