ಈಗ ಯಾರ ಸರದಿ?

ಕಳೆದ ದೀಪಾವಳಿ ರಜೆಗೆ ಮುಂಬಯಿಯಿಂದ ಊರಿಗೆ ಹೋದಾಗ ಅಕ್ಕ ಎರಡನೇ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯ ಜೊತೆಗೇ 'ಆಪರೇಷನ್' ಕೂಡ ಆಗಿತ್ತು. ಆಕೆಗೆ ಇನ್ನೂ ಇಪ್ಪತ್ತೈದು. "ಭಾವ ಯಾಕ ಮಾಡಿಸ್ಕೋಬಾರದಿತ್ತು?" ಅಂತ ಕೇಳಿದೆ. ಅವ್ವ ಕೂಡಲೇ, "ದುಡಿಯೋ ಗಂಡಸಿಗೆ ಯಾಕಪಾ ಆ ತ್ರಾಸು? ನಾಳೆ ಭಾರ ಎತ್ತಾಕ ಆಗಲಿಲ್ಲಂದ್ರ?" ಅಂದಳು. ಅಕ್ಕ ಏನೂ ಅನ್ನಲಿಲ್ಲ. ಭಾವ ಎದ್ದು ಹೊರಗೆ ಹೋದರು.

ನಾನು ವಿಜ್ಞಾನದ ವಿದ್ಯಾರ್ಥಿ. ಆದರೂ ಅವ್ವನಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಕೊಡಲು ಬಾಯಿ ಬರಲಿಲ್ಲ. ಸಂಘದ ಗೆಳೆಯರಿಗೆ ಇದನ್ನೇ ಬರೆಯುತ್ತೇನೆಂದಾಗ ನಕ್ಕರು. ನಗುವಂಥದ್ದೇನೂ ಇಲ್ಲ. ಇದೇ ಮುಂಬಯಿಯಲ್ಲಿ 1921ರಲ್ಲಿ ರ. ಧೋಂ. ಕರ್ವೆ ಎಂಬ ಗಣಿತದ ಪ್ರಾಧ್ಯಾಪಕರು ಸಂತಾನ ನಿಯಂತ್ರಣ ಕೇಂದ್ರ ತೆರೆದರು, ಈ ಕೆಲಸಕ್ಕಾಗಿ ನೌಕರಿಯನ್ನೇ ಕಳೆದುಕೊಂಡರು, 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆ ನಡೆಸಿದರು. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನವು ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ತೆರೆಯಲು ಆಜ್ಞೆ ಹೊರಡಿಸಿತು. ಭಾರತ ಸರಕಾರದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ.

ಈಗ ವಿಷಯಕ್ಕೆ ಬರೋಣ. ಗರ್ಭ ನಿಲ್ಲಬೇಕಾದರೆ ಹೆಣ್ಣಿನ ಅಂಡಾಣು ಬಿಡುಗಡೆಯಾಗಬೇಕು, ಗಂಡಿನ ವೀರ್ಯಾಣು ಅದನ್ನು ಮುಟ್ಟಬೇಕು, ಫಲಿತ ಅಂಡ ಗರ್ಭಕೋಶದಲ್ಲಿ ನೆಲೆಯೂರಬೇಕು. ಈ ಸರಪಳಿಯ ಯಾವುದಾದರೂ ಒಂದು ಕೊಂಡಿ ಕಳಚಿದರೆ ಸಾಕು. ಎಲ್ಲ ವಿಧಾನಗಳ ಗುಟ್ಟೂ ಇಷ್ಟೇ.

ಗುಳಿಗೆ ಮೊದಲ ಕೊಂಡಿಯನ್ನು ಕಳಚುತ್ತದೆ. 1951ರಲ್ಲಿ ಮೆಕ್ಸಿಕೋದಲ್ಲಿ ಕಾರ್ಲ್ ಜೆರಾಸ್ಸಿ ಮತ್ತು ಸಂಗಡಿಗರು ಕಾಡುಗೆಣಸಿನಿಂದ ಸಿಗುವ ವಸ್ತುವಿನಿಂದ ಹಾರ್ಮೋನೊಂದನ್ನು ತಯಾರಿಸಿದರು. 1960ರಲ್ಲಿ ಅಮೆರಿಕದಲ್ಲಿ ಮೊದಲ ಗರ್ಭನಿರೋಧಕ ಗುಳಿಗೆಗೆ ಪರವಾನಗಿ ಸಿಕ್ಕಿತು. ಗುಳಿಗೆಯ ಹಾರ್ಮೋನಿನಿಂದಾಗಿ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ತಡೆಯುತ್ತದೆ, ಆ ತಿಂಗಳು ಅಂಡಾಣು ಹೊರಬರುವುದಿಲ್ಲ. ಮೊದಮೊದಲಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಬಹಳ ಹೆಚ್ಚಿತ್ತು, ರಕ್ತ ಹೆಪ್ಪುಗಟ್ಟುವ ಅಪಾಯವೂ ಇತ್ತು. ಈಗ ಪ್ರಮಾಣ ಎಷ್ಟೋ ಪಟ್ಟು ಇಳಿದಿದೆ. ಆದರೂ ರಕ್ತದೊತ್ತಡ ಇದ್ದವರು, ಮೂವತ್ತೈದು ದಾಟಿ ಸಿಗರೇಟು ಸೇದುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ನಮ್ಮ ದೇಶದ್ದೇ ಒಂದು ಗುಳಿಗೆ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶೋಧ, 1991ರಲ್ಲಿ 'ಸಹೇಲಿ' ಎಂಬ ಹೆಸರಿನಲ್ಲಿ ಬಂತು. ಇದರಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರಕಾರಿ ಕೇಂದ್ರಗಳಲ್ಲಿ ಇದರ ಹೆಸರು 'ಛಾಯಾ'. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ 'ಅಂತರಾ' ಎಂಬ ಸೂಜಿಯೂ ಉಂಟು.

ಊರ ಕಡೆ 'ವಂಕಿ' ಅನ್ನುತ್ತಾರಲ್ಲ, ಅದೇ ಕಾಪರ್-ಟಿ. ಗರ್ಭಕೋಶದೊಳಗೆ ಇಟ್ಟ ತಾಮ್ರ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 380-ಎ ಎಂಬ ನಮೂನೆ ಹತ್ತು ವರ್ಷ ಕೆಲಸ ಮಾಡುತ್ತದೆ, ಮಗು ಬೇಕೆನಿಸಿದಾಗ ತೆಗೆಸಬಹುದು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ನಮ್ಮ ವಯಸ್ಸಿನವರು ತಪ್ಪು ತಿಳಿಯುವುದು ತುರ್ತು ಗುಳಿಗೆಯ ಬಗ್ಗೆ. 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ, ಅಷ್ಟೇ. ನಿಂತ ಗರ್ಭವನ್ನು ತೆಗೆಯುವುದಿಲ್ಲ. ಹೆಸರೇ ಹೇಳುವಂತೆ ತುರ್ತಿಗೆ ಮಾತ್ರ, ದಿನಬಳಕೆಗಲ್ಲ. ಇನ್ನು, ಗರ್ಭದ ಜೊತೆಗೆ ರೋಗವನ್ನೂ ತಡೆಯುವುದು ನಿರೋಧ್ ಒಂದೇ.

ಇಷ್ಟು ಹೊತ್ತು ಹೇಳಿದ್ದರಲ್ಲಿ ನಿರೋಧ್ ಬಿಟ್ಟರೆ ಉಳಿದದ್ದೆಲ್ಲ ಹೆಣ್ಣಿನ ಮೈಯ ಮೇಲೆಯೇ! ಇದಕ್ಕೆ ವಿಜ್ಞಾನಿಗಳು ಕೊಡುವ ಕಾರಣವೂ ಸುಳ್ಳಲ್ಲ. ತಿಂಗಳಿಗೊಂದು ಅಂಡಾಣುವನ್ನು ತಡೆಯುವುದು ಸುಲಭ, ದಿನಕ್ಕೆ ಕೋಟಿಗಟ್ಟಲೆ ಹುಟ್ಟುವ ವೀರ್ಯಾಣುಗಳನ್ನು ತಡೆಯುವುದು ಕಷ್ಟ. ಐಐಟಿಯ ಸುಜಯ್ ಗುಹಾ ಅವರು ಎಪ್ಪತ್ತರ ದಶಕದಿಂದ ಗಂಡಸರ ಚುಚ್ಚುಮದ್ದಿಗಾಗಿ ದುಡಿದರು. 303 ಗಂಡಸರ ಮೇಲೆ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶ ಪ್ರಕಟವಾಗಲು 2023 ಬರಬೇಕಾಯಿತು.

ಆದರೆ ಶಸ್ತ್ರಕ್ರಿಯೆಯ ವಿಷಯದಲ್ಲಿ ಈ ನೆಪ ನಡೆಯುವುದಿಲ್ಲ. ಹೆಣ್ಣಿಗಾದರೆ ಹೊಟ್ಟೆ ಕೊಯ್ಯಬೇಕು. ಗಂಡಿಗೆ, 1974ರಲ್ಲಿ ಚೀನಾದ ಲಿ ಶುನ್‌ಚಿಯಾಂಗ್ ಕಂಡುಹಿಡಿದ ವಿಧಾನದಲ್ಲಿ, ಒಂದು ಸಣ್ಣ ರಂಧ್ರ ಸಾಕು. ಹೊಲಿಗೆಯೂ ಇಲ್ಲ, ಅದೇ ದಿನ ಮನೆಗೆ. ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು ಮಾತ್ರ. ಗಂಡಸುತನದ ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ, ಆ ನಾಳದಲ್ಲಲ್ಲ. ಹಾಗಾಗಿ ಕಸುವು ಕುಂದುವ ಪ್ರಶ್ನೆಯೇ ಇಲ್ಲ. ಕೆಲವು ದಿನದ ವಿಶ್ರಾಂತಿ ಆದ ಮೇಲೆ ಭಾರವನ್ನೂ ಎತ್ತಬಹುದು. ಮೊದಲ ಮೂರು ತಿಂಗಳು ಬೇರೆ ವಿಧಾನ ಬಳಸಿ, ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡರಾಯಿತು.

ಹೀಗಿದ್ದೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನನ್ನುತ್ತದೆ? ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ. ಗಂಡನಿಗೆ ಆಗಿರುವುದು ಸಾವಿರಕ್ಕೆ ಮೂವರ ಮನೆಯಲ್ಲಿ! ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಜನರಿಗೆ ಬಲವಂತದಿಂದ. ಆ ಹೆದರಿಕೆ ಇನ್ನೂ ಇಳಿದಿಲ್ಲ ಎನ್ನಬಹುದು. ಬಲವಂತ ತಪ್ಪೇ, ಎರಡು ಮಾತಿಲ್ಲ. ಆದರೆ ಅಕ್ಕನನ್ನು ಆವತ್ತು ಯಾರು ಕೇಳಿದ್ದರು?

ಗೆಳೆಯರೇ, ಅಕ್ಕನದು ಆಗಿಹೋಯಿತು. ಇನ್ನು ಕೆಲವು ವರ್ಷಕ್ಕೆ ನಮ್ಮ ನಮ್ಮ ಮನೆಯಲ್ಲೂ ಈ ಮಾತು ಬರುತ್ತದೆ. ಆಗ ಭಾವನ ಹಾಗೆ ಎದ್ದು ಹೊರಗೆ ಹೋಗದಿದ್ದರೆ ಸಾಕು. ಬೇಸಿಗೆ ರಜೆಗೆ ಊರಿಗೆ ಹೋದಾಗ ಇದನ್ನು ಅವ್ವನಿಗೆ ಓದಿ ಹೇಳಬೇಕೆಂದಿದ್ದೇನೆ. ಭಾವನೂ ಅಲ್ಲೇ ಕೂತಿರಲಿ.