ಯಂತ್ರ ಮನೆಯಲ್ಲಿ, ಬೀಗದ ಕೈ ಕಂಪನಿಯಲ್ಲಿ

ಸಿ.ಡಿ.ಗೆ ಹಾಡು ತುಂಬಿದ್ದಾಯಿತು. ಇನ್ನು ಅದರ ಮೇಲೆ ಹೆಸರು ಬರೆಯಬೇಕು. ಕೆಲವರು ಪೆನ್ನಿನಿಂದ ಬರೆಯುತ್ತಿದ್ದರು, ಕೆಲವರು ಚೀಟಿ ಅಂಟಿಸುತ್ತಿದ್ದರು. ಹಾಡು ಬರೆಯುವ ಲೇಸರ್ ಕಿರಣವೇ ಹೆಸರನ್ನೂ ಬರೆಯಬಾರದೇಕೆ?

ಜಪಾನಿನ ಯಮಾಹಾ ಕಂಪನಿ 2002ರಲ್ಲಿ ಇದನ್ನು ಸಾಧಿಸಿತು. ಹಾಡು ತುಂಬಿ ಉಳಿದ ಖಾಲಿ ಜಾಗದಲ್ಲಿ, ಅದೇ ಬದಿಯಲ್ಲಿ, ಅದರ ಸಿಆರ್‌ಡಬ್ಲ್ಯು-ಎಫ್1 ಯಂತ್ರ ಚಿತ್ರ ಮೂಡಿಸುತ್ತಿತ್ತು. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 2004ರಲ್ಲಿ ಪ್ರಕಟಿಸಿದ 'ಲೈಟ್‌ಸ್ಕ್ರೈಬ್' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇದರ ರೂವಾರಿ ಆ ಕಂಪನಿಯ ಎಂಜಿನಿಯರ್ ಡ್ಯಾರಿಲ್ ಆಂಡರ್ಸನ್. ತಟ್ಟೆಯ ಮೇಲ್ಬದಿಗೆ ವಿಶೇಷ ರಾಸಾಯನಿಕ ಲೇಪ. ತಟ್ಟೆಯನ್ನು ಮಗುಚಿ ಹಾಕಿದರೆ 780 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಕಿರಣ ತಾಗಿದಲ್ಲೆಲ್ಲ ಲೇಪದ ಬಣ್ಣ ಬದಲಾಗುತ್ತದೆ. ತಟ್ಟೆ ಎಷ್ಟು ತಿರುಗಿದೆ ಎಂಬುದನ್ನು ನಡುವಿನ ಗುರುತುಗಳು ಹೇಳುತ್ತವೆ. ಹಾಗಾಗಿ ಒಮ್ಮೆ ಬರೆದ ಚಿತ್ರದ ಮೇಲೆಯೇ ಮತ್ತೆ ಬರೆದು ಗಾಢಗೊಳಿಸಬಹುದು.

ತೊಡಕು ಇದ್ದದ್ದು ಬೇರೆಡೆ. ಸಿ.ಡಿ.ಗೆ ಮಾಹಿತಿ ತುಂಬುವ ಆಜ್ಞೆಗಳು ಎಲ್ಲ ತಯಾರಕರೂ ಒಪ್ಪಿದ ಬಹಿರಂಗ ನಿಯಮಗಳು. ಆದ್ದರಿಂದ 'ಸಿಡಿರೆಕಾರ್ಡ್' ಎಂಬ ಮುಕ್ತ ತಂತ್ರಾಂಶ ಹಲವಾರು ಕಂಪನಿಗಳ ಯಂತ್ರಗಳನ್ನು ನಡೆಸಬಲ್ಲದಾಗಿತ್ತು. ಲೈಟ್‌ಸ್ಕ್ರೈಬ್‌ನ ಚಿತ್ರ ಬಿಡಿಸುವ ಆಜ್ಞೆಗಳು ಮಾತ್ರ ಕಂಪನಿಯ ಗುಟ್ಟು. ಲಿನಕ್ಸ್ ಬಳಕೆದಾರರಿಗೂ ಕಂಪನಿ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಟ್ಟಿತು. ಆದರೆ ಅದರ ಮೂಲಪಾಠ ಕೊಡಲಿಲ್ಲ. ಉತ್ಸಾಹಿಗಳು ಅದಕ್ಕೆ ಚೆಂದದ ಮುಖಪುಟ ಕಟ್ಟಿದರು. ಒಳಗಿನ ಕೆಲಸಕ್ಕೆ ಆ ಮುಚ್ಚಿದ ಪೆಟ್ಟಿಗೆಯನ್ನೇ ಕೇಳಬೇಕಿತ್ತು.

2013ರ ಸುಮಾರಿಗೆ ಕಂಪನಿ ಈ ವ್ಯವಹಾರದಿಂದ ಹಿಂದೆ ಸರಿಯಿತು. ಗಣಕಗಳು 64 ಬಿಟ್‌ಗೆ ಬಡ್ತಿ ಪಡೆದರೂ ಆ ಲಿನಕ್ಸ್ ತಂತ್ರಾಂಶ 32 ಬಿಟ್‌ನಲ್ಲೇ ಉಳಿಯಿತು. ಮೂಲಪಾಠವಿಲ್ಲದೆ ಅದನ್ನು ತಿದ್ದುವವರು ಯಾರು? ಯಂತ್ರ ಗಟ್ಟಿಯಾಗಿದೆ, ಕಿರಣವೂ ಉರಿಯುತ್ತದೆ. ಅದರೊಡನೆ ಮಾತಾಡುವ ಭಾಷೆ ಮಾತ್ರ ದೂರವಾಗುತ್ತಿದೆ.

ಯಮಾಹಾ 2003ರಲ್ಲೇ ಸಿ.ಡಿ. ಯಂತ್ರಗಳ ತಯಾರಿಕೆ ಬಿಟ್ಟಿತು. ಆದರೂ ಅದರ ಚಿತ್ರ ಬಿಡಿಸುವ ವಿದ್ಯೆ ಅಳಿಯಲಿಲ್ಲ. ಅದಕ್ಕೆ ಬೇಕಾದ 'ಎಫ್1ಟಾಟೂ' ಎಂಬ ಪುಟ್ಟ ತಂತ್ರಾಂಶ 'ಕ್ಯೂಪಿಎಕ್ಸ್‌ಟೂಲ್' ಎಂಬ ಮುಕ್ತ ಕಂತೆಯಲ್ಲಿ ಮೂಲಪಾಠದ ಸಮೇತ ಸೇರಿದೆ. ಗಣಕ ಬದಲಾದರೆ ಬಲ್ಲವರು ಅದನ್ನು ತಿದ್ದಿಕೊಳ್ಳಬಹುದು.

ಈ ತಕರಾರು ಹೊಸದೇನಲ್ಲ. 1980ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಲೇಸರ್ ಮುದ್ರಣಯಂತ್ರವೊಂದರ ತಂತ್ರಾಂಶದ ಮೂಲಪಾಠ ಸಿಗಲಿಲ್ಲ. ಅವರನ್ನು ಮುಕ್ತ ತಂತ್ರಾಂಶದತ್ತ ತಿರುಗಿಸಿದ ಘಟನೆಗಳಲ್ಲಿ ಅದೂ ಒಂದು. 1983ರಲ್ಲಿ ಅವರು 'ಗ್ನೂ' ಯೋಜನೆಯನ್ನು ಸಾರಿದರು.

ಸಿ.ಡಿ.ಯ ಕಾಲ ಬಹುಮಟ್ಟಿಗೆ ಮುಗಿದಿರಬಹುದು. ಆದರೆ ಅದು ಎತ್ತಿದ ಪ್ರಶ್ನೆ ಇಂದಿನ ಫೋನಿಗೂ ಮುದ್ರಣಯಂತ್ರಕ್ಕೂ ಅನ್ವಯಿಸುತ್ತದೆ. ದುಡ್ಡು ಕೊಟ್ಟು ತಂದ ಯಂತ್ರ ಎಷ್ಟು ಕಾಲ ದುಡಿಯಬೇಕೆಂದು ತೀರ್ಮಾನಿಸುವವರು ಕೊಂಡವರೋ, ಮಾರಿದವರೋ?