ಹರಕೆ ಮರೆತ ಧಾರಾವಾಹಿಗಳು

ವರ್ಷಗಟ್ಟಲೆ ಓಡುವ ಭೀತಿಕಥೆಗಳು ನಡುದಾರಿಯಲ್ಲಿ ಕೈಬಿಟ್ಟ ಎಳೆಗಳ ಲೆಕ್ಕ ಕೇಳುವವರು ಯಾರು? ಬೆಳ್ತಂಗಡಿಯ ಸಿರಿ ಪಾಡ್ದನ ಎಂಬ ತುಳು ಕಥನಗೀತೆಯಲ್ಲಿ ಇದಕ್ಕೊಂದು ಉತ್ತರವಿದೆ.

ಮಂಗಳೂರು ಬಳಿಯ ಫರಂಗಿಪೇಟೆ, ತುಂಬೆ, ಬಿ.ಸಿ. ರೋಡ್ ಕಡೆಯ ಎಷ್ಟೋ ಮನೆಗಳಲ್ಲಿ ಬೀಡಿಯೂ ಧಾರಾವಾಹಿಯೂ ಒಟ್ಟಿಗೇ ಸಾಗುತ್ತವೆ. ಮಡಿಲಲ್ಲಿ ತಡ್ಪೆ ಎಂಬ ಗೆರಸೆ, ತಡ್ಪೆಯಲ್ಲಿ ಕತ್ತರಿಸಿಟ್ಟ ಎಲೆ, ಒಂದು ಬದಿಗೆ ಹೊಗೆಸೊಪ್ಪು. ಎಲೆ ಸುರುಳಿ ಸುತ್ತಿ ನೂಲು ಬಿಗಿಯುವ ಬೆರಳುಗಳಿಗೆ ಕಣ್ಣಿನ ಹಂಗಿಲ್ಲ, ಹಾಗಾಗಿ ಕಣ್ಣು ಟಿವಿಗೆ ಮೀಸಲು. ಮಾರನೆಯ ದಿನ ಬೀಡಿ ಕೊಡಲು ಬ್ರಾಂಚಿಗೆ ಹೋದಾಗ ಹಿಂದಿನ ರಾತ್ರಿಯ ಕಂತಿನ ವಿಮರ್ಶೆ ಶುರು. “ಅದೆಲ್ಲ ಸರಿ, ಆ ಅಟ್ಟದ ಮೇಲಿನ ಪೆಟ್ಟಿಗೆ ಎಂಥ ಆಯ್ತು ಮಾರಾಯ್ತಿ? ಮತ್ತೆ ತೋರಿಸಲೇ ಇಲ್ಲವಲ್ಲ” ಎಂಬಂಥ ಪ್ರಶ್ನೆ ಅಲ್ಲಿ ಏಳುತ್ತದೆ. ಎಷ್ಟೋ ತಿಂಗಳ ಹಿಂದೆ ಕ್ಯಾಮೆರಾ ಒಮ್ಮೆ ಹತ್ತಿರ ಹೋಗಿ, ಸಂಗೀತ ಏರಿಸಿ, ಬೀಗ ತೋರಿಸಿ ಬಿಟ್ಟ ಪೆಟ್ಟಿಗೆ ಅದು. ಬರೆದವರು ಮರೆತಿರಬಹುದು, ನೋಡಿದವರು ಮರೆತಿಲ್ಲ.

ಈ ಪ್ರಶ್ನೆಯನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕುವುದು ಅನ್ಯಾಯ. ಅದು ಕಥನಕಲೆಯ ಮೂಲಕ್ಕೇ ಕೈ ಹಾಕುವ ಪ್ರಶ್ನೆ. ಅದರಲ್ಲೂ ಪ್ರೇತ, ಶಾಪ, ನಾಗದ್ವೇಷ, ಹಳೇ ಮನೆಯ ರಹಸ್ಯ ಎಂದು ಹೊರಡುವ ಕಥೆಗಳಿಗೆ ಇದು ಪ್ರಾಣದ ಪ್ರಶ್ನೆ. ಸತ್ತವರು ಯಾಕೆ ತಿರುಗಿ ಬರುತ್ತಾರೆ? ಏನೋ ಬಾಕಿ ಉಳಿದಿದೆ ಎಂದು. ಬಾಕಿ ಉಳಿದದ್ದು ಬಿಡುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಿಂತ ಕಥೆ ತಾನೇ ಬಾಕಿ ಉಳಿಸಿಕೊಂಡು ಎದ್ದುಹೋದರೆ ಅದರ ಭಯಕ್ಕೂ ಅರ್ಥವಿಲ್ಲ, ನೋಡಿದವರ ವರ್ಷಗಳಿಗೂ ಬೆಲೆಯಿಲ್ಲ.

ಉತ್ತರ ಸಿಗದೇ ಹೋದ ಹುಡುಗಿ

ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅಮೆರಿಕದ ‘ಡಾರ್ಕ್ ಶಾಡೋಸ್’. ಡ್ಯಾನ್ ಕರ್ಟಿಸ್ ಹುಟ್ಟುಹಾಕಿದ ಈ ಹಗಲು ಧಾರಾವಾಹಿ ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ರಂದು ಆರಂಭವಾಗಿ 1971ರ ಏಪ್ರಿಲ್ 2ರಂದು ಮುಗಿಯಿತು. 1,225 ಕಂತುಗಳು. ಮೊದಲ ಕಂತಿನಲ್ಲಿ ವಿಕ್ಟೋರಿಯಾ ವಿಂಟರ್ಸ್ ಎಂಬ ಯುವತಿ ರೈಲಿನಲ್ಲಿ ಹೊರಟಿದ್ದಾಳೆ. ಅನಾಥಾಲಯದಲ್ಲಿ ಬೆಳೆದವಳು, ತಂದೆತಾಯಿ ಯಾರೆಂದು ತಿಳಿಯದವಳು. ಕಡಲ ತೀರದ ಕಾಲಿನ್‌ವುಡ್ ಎಂಬ ಹಳೆಯ ಬಂಗಲೆಯಲ್ಲಿ ಮಗುವೊಂದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ತನ್ನ ಹುಟ್ಟಿನ ಗುಟ್ಟು ಆ ಮನೆಯಲ್ಲೇ ಇದ್ದೀತು ಎಂಬ ಆಸೆ ಅವಳದು. ಧಾರಾವಾಹಿ ಶುರುವಾದದ್ದೇ ಈ ಪ್ರಶ್ನೆಯಿಂದ.

ಸುಳಿವುಗಳೂ ಸಿಕ್ಕವು. ಊರಿನ ಚಿತ್ರಕಾರ ಸ್ಯಾಮ್ ಇವಾನ್ಸ್‌ನ ಮನೆಯಲ್ಲಿ ಹಳೆಯದೊಂದು ಭಾವಚಿತ್ರ ಅವಳ ಕಣ್ಣಿಗೆ ಬೀಳುತ್ತದೆ. ಚಿತ್ರದಲ್ಲಿರುವವಳು ಬೆಟ್ಟಿ ಹ್ಯಾನ್ಸ್‌ಕೋಂಬ್ ಎಂಬ ಹೆಣ್ಣು, ಮುಖ ಮಾತ್ರ ಪಡಿಯಚ್ಚು ವಿಕ್ಟೋರಿಯಾಳದೇ. ನೋಡುಗರು ಉಸಿರು ಬಿಗಿಹಿಡಿದರು. ಆದರೆ ನೋಡುವವರ ಸಂಖ್ಯೆ ಕುಸಿಯುತ್ತಿತ್ತು. 1967ರಲ್ಲಿ ಧಾರಾವಾಹಿಯನ್ನು ಉಳಿಸಲು ಶವಪೆಟ್ಟಿಗೆಯಿಂದ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಪಾಸುವನ್ನು ಎಬ್ಬಿಸಲಾಯಿತು. ಕೆಲವು ವಾರಗಳಿಗೆಂದು ಬಂದ ಆ ಪಾತ್ರ ಜೋನಥನ್ ಫ್ರಿಡ್‌ರ ಅಭಿನಯದಲ್ಲಿ ಇಡೀ ಧಾರಾವಾಹಿಯನ್ನೇ ತನ್ನದಾಗಿಸಿಕೊಂಡಿತು. ಭಾವಚಿತ್ರ ಮೂಲೆ ಸೇರಿತು. 1968ರಲ್ಲಿ ವಿಕ್ಟೋರಿಯಾಳ ಪಾತ್ರ ಮಾಡುತ್ತಿದ್ದ ಅಲೆಕ್ಸಾಂಡ್ರಾ ಮೋಲ್ಟ್‌ಕಿ ಗರ್ಭಿಣಿಯಾಗಿ ಬಿಟ್ಟುಹೋದರು. ಬೇರೆ ನಟಿಯರನ್ನು ಕೆಲ ದಿನ ತಂದು ನೋಡಿದರು, ಕೊನೆಗೆ ಪಾತ್ರವನ್ನೇ ಕಾಲದ ಹಿಂದಕ್ಕೆ ಕಳುಹಿಸಿ ಕೈತೊಳೆದುಕೊಂಡರು. ಅವಳ ತಾಯಿ ಯಾರು ಎಂಬುದಕ್ಕೆ 1,225 ಕಂತು ಮುಗಿದರೂ ಉತ್ತರ ಬರಲಿಲ್ಲ.

ಇದನ್ನು ಓದುವಾಗ ನಮ್ಮ ಧಾರಾವಾಹಿಗಳು ನೆನಪಾಗದೆ ಇರುವುದು ಕಷ್ಟ.

ಗುಡ್ಡದ ಭೂತದಿಂದ ನಾಗಿಣಿಯವರೆಗೆ

ಭೀತಿಕಥೆಗೆ ಬೇಕಾದ ಸಾಮಗ್ರಿಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಚಾವಡಿ, ಪಡಸಾಲೆ, ಕತ್ತಲ ಕೋಣೆಗಳ ಗುತ್ತಿನ ಮನೆ. ಯಾರೂ ಕತ್ತಿ ಹಾಕದ ನಾಗಬನ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ನೇತ್ರಾವತಿ. ಫರಂಗಿಪೇಟೆಯನ್ನೇ ನೋಡಿ: ಪೋರ್ಚುಗೀಸರ ಕಾಲದ ಕ್ರೈಸ್ತ ನೆಲೆ, 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಬರಿದಾಯಿತು. 1801ರಲ್ಲಿ ಈ ದಾರಿಯಲ್ಲಿ ಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಿಂದೊಮ್ಮೆ ದೊಡ್ಡದಾಗಿದ್ದ ಪೇಟೆಯ ಪಾಳನ್ನು. ಹೊಳೆಯ ದಡದ ಮೊಂತೆ ಮರಿಯಾನೊ ಇಗರ್ಜಿ ಇಂದಿಗೂ ನಿಂತಿದೆ. ಇಂಥ ನೆಲದಲ್ಲಿ ರಹಸ್ಯದ ಕಥೆಯನ್ನು ಹೊರಗಿನಿಂದ ತರಿಸಬೇಕಿಲ್ಲ.

ಮುಲ್ಕಿ ಸೀಮೆಯ ಸದಾನಂದ ಸುವರ್ಣರು ಇದನ್ನು ಚೆನ್ನಾಗಿ ಅರಿತಿದ್ದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನಿರ್ಮಿಸಿದ ಅವರು 1990ರ ಆಸುಪಾಸಿನಲ್ಲಿ ದೂರದರ್ಶನಕ್ಕೆ ‘ಗುಡ್ಡದ ಭೂತ’ ಮಾಡಿದರು. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗಿನ್ನೂ ಹೊಸ ಮುಖ. ಅದರ ಶೀರ್ಷಿಕೆ ಗೀತೆ ಕೇಳಿದರೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದ ಕಾಲ ಅದು. 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ ಆ ‘ಡೆನ್ನಾನ ಡೆನ್ನಾನ’ದ ಗುಂಗನ್ನು ಮತ್ತೆ ಕೇಳಿಸಿದಾಗ ಒಂದಿಡೀ ತಲೆಮಾರಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ‘ಗುಡ್ಡದ ಭೂತ’ ನೆನಪಲ್ಲಿ ಉಳಿದದ್ದಕ್ಕೆ ಒಂದು ಕಾರಣ ಅದರ ಗಾತ್ರ. ಆಗಿನ ದೂರದರ್ಶನದಲ್ಲಿ ವಾರಕ್ಕೊಂದು ಕಂತು, ಇಷ್ಟೇ ವಾರ ಎಂದು ಮೊದಲೇ ಗೊತ್ತು. ಕೊನೆ ಎಲ್ಲಿದೆ ಎಂದು ತಿಳಿದು ಹೊರಟವರು ದಾರಿಯಲ್ಲಿ ಗಂಟು ಬಿಟ್ಟುಬರುವುದಿಲ್ಲ.

ದಿನದ ಧಾರಾವಾಹಿಗೆ ಈ ಭಾಗ್ಯವಿಲ್ಲ. ‘ಪುಟ್ಟಗೌರಿ ಮದುವೆ’ಯನ್ನು ನೆನಪಿಸಿಕೊಳ್ಳಿ. ಹಿಂದಿಯ ‘ಬಾಲಿಕಾ ವಧು’ವನ್ನು ಆಧರಿಸಿ 2012ರ ಕೊನೆಗೆ ಈಟಿವಿ ಕನ್ನಡದಲ್ಲಿ ಶುರುವಾದ ಅದರ ಮೊದಲ ಪ್ರಶ್ನೆ ಬಾಲ್ಯವಿವಾಹ. ಆಡುವ ವಯಸ್ಸಿನ ಹುಡುಗಿಯ ಕೊರಳಿಗೆ ತಾಳಿ ಬಿದ್ದರೆ ಅವಳ ಬಾಳು ಏನಾಗುತ್ತದೆ? ಗೌರಿ ದೊಡ್ಡವಳಾದಳು, ವಾಹಿನಿ ಕಲರ್ಸ್ ಕನ್ನಡವಾಯಿತು, ಗಂಡನ ಬಾಳಿಗೆ ಇನ್ನೊಬ್ಬಳು ಬಂದಳು, ಕಥೆ ಕಾಡು ಸೇರಿತು, ಕಾಡಿನಲ್ಲಿ ಹುಲಿ ಬಂತು. 2019ರಲ್ಲಿ ಮುಗಿಯುವ ಹೊತ್ತಿಗೆ ಮೊದಲ ಪ್ರಶ್ನೆ ಎಲ್ಲೋ ಹಿಂದೆ ಉಳಿದಿತ್ತು. ಹುಲಿಯ ದೃಶ್ಯವನ್ನು ನಾಡೆಲ್ಲ ಆಡಿಕೊಂಡಿತು. ನನಗೆ ನೋವಾದದ್ದು ಹುಲಿಗಲ್ಲ. ಬಾಲ್ಯದಲ್ಲೇ ಮದುವೆಯಾದ ಹುಡುಗಿಯ ಪ್ರಶ್ನೆಯನ್ನು ಅಷ್ಟು ಮನೆಗಳಿಗೆ ಮುಟ್ಟಿಸಿದ ಧಾರಾವಾಹಿ ಅದನ್ನು ಕೊನೆಯವರೆಗೆ ಹೊತ್ತು ತರಲಿಲ್ಲವಲ್ಲ, ಅದಕ್ಕೆ.

2016ರಲ್ಲಿ ಜೀ ಕನ್ನಡದಲ್ಲಿ ಬಂದ ‘ನಾಗಿಣಿ’ ಸೇಡಿನಿಂದ ಹೊರಟಿತು. ದೀಪಿಕಾ ದಾಸ್‌ರ ಅಮೃತಾ ಮನುಷ್ಯರ ಮನೆ ಸೇರಿದ್ದೇ ಲೆಕ್ಕ ಚುಕ್ತಾ ಮಾಡಲು. ಆದರೆ ವರ್ಷಗಟ್ಟಲೆ ನಡೆಯಬೇಕಾದ ಧಾರಾವಾಹಿಯಲ್ಲಿ ಸೇಡು ತೀರಿದರೆ ಕಥೆ ಮುಗಿಯುತ್ತದೆ, ತೀರದಿದ್ದರೆ ನೋಡುಗರಿಗೆ ಬೇಸರ. ಆಗ ಹೊಸ ಶತ್ರು, ಹೊಸ ಮಂತ್ರವಾದಿ ಬರಲೇಬೇಕು. ಒಬ್ಬೊಬ್ಬರು ಬಂದಾಗಲೂ ಹಳೆಯ ಒಂದು ಎಳೆ ಕೆಳಗೆ ಬೀಳುತ್ತದೆ.

ಇದು ಬರಹಗಾರರ ಸೋಮಾರಿತನವಲ್ಲ. ಪ್ರತಿ ಗುರುವಾರ ಬರುವ ರೇಟಿಂಗ್ ಮುಂದಿನ ವಾರದ ಕಥೆಯನ್ನು ತೀರ್ಮಾನಿಸುತ್ತದೆ. ವಾರಕ್ಕೆ ಐದಾರು ಕಂತು ಹೊರಡಬೇಕು. ಬೆಳಗ್ಗೆ ಬರೆದ ಸಂಭಾಷಣೆ ಅದೇ ದಿನ ಸೆಟ್ಟಿನಲ್ಲಿ ಚಿತ್ರೀಕರಣವಾಗುವುದೂ ಉಂಟು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ನಟಿಗೆ ಸಿನಿಮಾ ಸಿಕ್ಕಿದರೆ ಪಾತ್ರ ಅಮೆರಿಕಕ್ಕೆ ಹೋಗುತ್ತದೆ. ಕೆಲವೊಮ್ಮೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ: 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತಾಗ ಟಿ.ಎನ್. ಸೀತಾರಾಮ್‌ರ ‘ಮಗಳು ಜಾನಕಿ’ ನಡುದಾರಿಯಲ್ಲೇ ನಿಂತಿತು. ಇಷ್ಟಾದರೂ ಅದೇ ಸೀತಾರಾಮ್‌ರು 1998ರ ‘ಮಾಯಾಮೃಗ’ದ ಕಥೆಯನ್ನು 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡ ವಾಹಿನಿಯಲ್ಲಿ ಮುಂದುವರಿಸಿದರು. ಮನಸ್ಸು ಮಾಡಿದರೆ ಎರಡು ದಶಕ ಕಳೆದ ಮೇಲೂ ಎಳೆಯನ್ನು ಮತ್ತೆ ಕೈಗೆತ್ತಿಕೊಳ್ಳಬಹುದು.

15,683 ಸಾಲು, ಒಂದು ನೆನಪು

ಹಾಗಾದರೆ ಉದ್ದವೇ ತಪ್ಪೇ? ಅಲ್ಲ ಎನ್ನಲು ನಮ್ಮಲ್ಲೇ ಸಾಕ್ಷಿಯಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ದಾಖಲಿಸಿಕೊಂಡರು. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಪ್ರಕಟವಾದ ಅದರಲ್ಲಿ 15,683 ಸಾಲುಗಳಿವೆ. ನಾಯ್ಕರ ಮುಂದೆ ಪುಸ್ತಕವಿರಲಿಲ್ಲ. ಮನಸ್ಸಿನಲ್ಲೇ ಕಥೆಯ ಇಡೀ ನಕಾಶೆ ಇತ್ತು. ಸಂದರ್ಭಕ್ಕೆ ತಕ್ಕಂತೆ ಹಿಗ್ಗಿಸುತ್ತಿದ್ದರು, ಕುಗ್ಗಿಸುತ್ತಿದ್ದರು, ಎಳೆ ಮಾತ್ರ ತಪ್ಪುತ್ತಿರಲಿಲ್ಲ.

ಸಿರಿಯ ಕಥೆಗೆ ದಿನದ ಧಾರಾವಾಹಿಯ ಎಲ್ಲ ಲಕ್ಷಣಗಳೂ ಇವೆ. ಮೂರು ತಲೆಮಾರು, ಎರಡು ಮದುವೆ, ಸವತಿ, ಶಾಪ, ಮಾಯವಾಗುವುದು, ಸಾವು. ಸತ್ಯನಾಪುರದ ಮುದಿ ಆಳ್ವರಿಗೆ ಸಂತಾನವಿಲ್ಲ. ಕುಲದೈವ ಬೆರ್ಮೆರ ಗುಡಿ ಪಾಳುಬಿದ್ದಿದೆ, ಅದನ್ನು ಅವರು ಮರೆತಿದ್ದಾರೆ. ಗುಡಿ ಎದ್ದು ನಿಂತ ಮೇಲೆಯೇ ಹಿಂಗಾರದ ಪ್ರಸಾದದಿಂದ ಸಿರಿ ಹುಟ್ಟುವುದು. ಮುಂದೆ ಸಿರಿ ಬಸುರಿಯಾದಾಗ ಗಂಡ ಕಾಂತು ಪೂಂಜ ಬಯಕೆಯ ಸೀರೆ ತರುತ್ತಾನೆ. ದಾರಿಯಲ್ಲಿ ಸಿದ್ದು ಎಂಬವಳ ಮನೆಗೆ ಹೋಗುತ್ತಾನೆ, ಅವಳು ಆ ಸೀರೆಯನ್ನು ಉಟ್ಟು ಬಿಚ್ಚಿ ಮಡಚಿಡುತ್ತಾಳೆ. ನಾಲ್ಕು ಜನರ ಮುಂದೆ ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ಒಂದು ಸೀರೆಯ ಮಡಿಕೆಯಿಂದ ದಾಂಪತ್ಯ ಮುರಿಯುತ್ತದೆ, ಸಿರಿ ತಾನಾಗಿ ಗಂಡನನ್ನು ಬಿಟ್ಟು ಹೊರಡುತ್ತಾಳೆ. ಇಲ್ಲಿ ತೋರಿಸಿದ ಯಾವ ವಸ್ತುವೂ ದಂಡವಲ್ಲ.

ಕಥೆಯ ತುದಿಯಲ್ಲಿ ಸಿರಿಯ ಮಗಳು ಸೊನ್ನೆ. ಮಕ್ಕಳಾಗದ ಕೊರಗಿನಲ್ಲಿ ಅವಳೂ ಗಂಡ ಗುರುಮಾರ್ಲನೂ ಬೆರ್ಮೆರಿಗೆ ಹರಕೆ ಹೊರುತ್ತಾರೆ. ಅಬ್ಬಗ, ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಮಕ್ಕಳು ಬೆಳೆಯುತ್ತಾರೆ, ಹರಕೆ ಮರೆತುಹೋಗುತ್ತದೆ. ಬೆರ್ಮೆರ್ ಬ್ರಾಹ್ಮಣನ ವೇಷದಲ್ಲಿ ಬಂದು ನೆನಪಿಸಿದರೂ ಅವರ ಮನಸ್ಸಿಗೆ ಬರುವುದಿಲ್ಲ. ಒಂದು ದಿನ ಅಕ್ಕತಂಗಿ ಚೆನ್ನೆಮಣೆಯ ಮುಂದೆ ಕೂರುತ್ತಾರೆ. ಆಟದಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಅಬ್ಬಗ ಅದೇ ಮಣೆ ಎತ್ತಿ ತಂಗಿಯ ತಲೆಗೆ ಹೊಡೆಯುತ್ತಾಳೆ. ತಂಗಿ ಸತ್ತದ್ದು ಕಂಡು ತಾನೂ ಬಾವಿಗೆ ಹಾರುತ್ತಾಳೆ. ಹಾಡಿಕೆಯಲ್ಲಿ ಊರಿಂದೂರಿಗೆ ಭೇದಗಳಿವೆ, ಆದರೆ ಮಾತು ಒಂದೇ. ಮರೆತ ಕರ್ತವ್ಯದಿಂದ ಶುರುವಾದ ಕಥೆ ಮರೆತ ಹರಕೆಯಲ್ಲಿ ಮುಗಿಯುತ್ತದೆ. ಪಾತ್ರಗಳು ಮರೆಯಬಹುದು, ಪಾಡ್ದನ ಮರೆಯುವುದಿಲ್ಲ.

ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಬೆಳ್ತಂಗಡಿಯ ನಿಡ್ಗಲ್, ಕಾರ್ಕಳದ ನಂದಳಿಕೆ, ಮುಲ್ಕಿ ಬಳಿಯ ಕವತ್ತಾರುಗಳಲ್ಲಿ ನಡೆಯುವ ಸಿರಿ ಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಆವೇಶ ಬಂದಾಗ ಸಿರಿಯ ಮಗ ಕುಮಾರನಾಗಿ ನಿಂತವರು ‘ನೀನು ಯಾರು’ ಎಂದು ಕೇಳುತ್ತಾರೆ. ಸಿರಿಯೋ, ಸೊನ್ನೆಯೋ, ಅಬ್ಬಗನೋ, ದಾರಗನೋ ಎಂದು ಹೇಳಿಕೊಳ್ಳುವವರೆಗೆ ಬಿಡುವುದಿಲ್ಲ. ಮನೆಯಲ್ಲಿ ಬಾಯಿಬಿಡಲಾಗದ ನೋವಿರುವ ಹೆಣ್ಣಿಗೆ ಅಲ್ಲಿ ಒಂದು ಹೆಸರು, ಒಂದು ಕಥೆ, ಅದನ್ನು ಕೇಳುವ ಒಂದು ಕುಟುಂಬ ಸಿಗುತ್ತದೆ. ವಿಕ್ಟೋರಿಯಾ ವಿಂಟರ್ಸ್‌ಗೆ 1,225 ಕಂತುಗಳಲ್ಲಿ ಸಿಗದೆ ಹೋದದ್ದು ಇದೇ.

ಲೆಕ್ಕ ಇಡುವವರು ಬೇಕು

ಧಾರಾವಾಹಿ ಪಾಡ್ದನವಾಗಲಿ ಎಂದು ಕೇಳುತ್ತಿಲ್ಲ. ಅದಕ್ಕೆ ಆಚರಣೆಯ ಬಲವಿಲ್ಲ, ಅದು ವ್ಯಾಪಾರವೂ ಹೌದು. ಆದರೆ ಕೇಳಬಹುದಾದ ಮಾತುಗಳಿವೆ. ಉಡುಪು, ಕುಂಕುಮ, ಬಳೆ ಹಿಂದಿನ ದೃಶ್ಯಕ್ಕೆ ಹೊಂದುತ್ತವೆಯೇ ಎಂದು ನೋಡಲು ಸೆಟ್ಟಿನಲ್ಲಿ ಜನರಿರುತ್ತಾರೆ. ಕಥೆ ಕೊಟ್ಟ ಮಾತುಗಳನ್ನು ಬರೆದಿಡಲೂ ಒಬ್ಬರು ಇರಲಿ. ನಿಲ್ಲಿಸುವ ತೀರ್ಮಾನವಾದರೆ ಕಥೆಗಾರರಿಗೆ ಕೊನೆಯ ಕೆಲವು ವಾರಗಳನ್ನು ಬಿಟ್ಟುಕೊಡಲಿ, ತೆರೆದಿಟ್ಟ ಗಂಟುಗಳನ್ನು ಬಿಚ್ಚಲು. ಎಲ್ಲ ರಹಸ್ಯಕ್ಕೂ ಉತ್ತರ ಬೇಕೆಂದಿಲ್ಲ. ಉತ್ತರ ಕೊಡದೆ ಬಿಡುವುದೂ ಕಲೆಯೇ, ಬೇಕೆಂದೇ ಬಿಟ್ಟಿದ್ದರೆ. ಮರೆತು ಬಿಟ್ಟದ್ದು ನೋಡುಗರಿಗೆ ಗೊತ್ತಾಗಿಯೇ ಆಗುತ್ತದೆ.

ದಿನಕ್ಕೆ ಅರ್ಧ ಗಂಟೆಯಂತೆ ಐದಾರು ವರ್ಷ ಒಂದು ಕಥೆಗೆ ಕೊಟ್ಟವರು ಸಣ್ಣವರಲ್ಲ. ಮುಂದೆ ಏನಾಯಿತು ಎಂದು ಕೇಳುವ ಹಕ್ಕು ಅವರಿಗಿದೆ. ಬೀಡಿಯ ಬ್ರಾಂಚಿನಲ್ಲಿ ನಿಂತು ಆ ಹಕ್ಕನ್ನು ದಿನವೂ ಚಲಾಯಿಸುವ ಹೆಂಗಸರು ಪಾಡ್ದನ ಕಟ್ಟಿ ಉಳಿಸಿದ ಹೆಂಗಸರ ಮೊಮ್ಮಕ್ಕಳು. ಗದ್ದೆಯಲ್ಲಿ ನೇಜಿ ನೆಡುತ್ತ ಸಂಧಿಯಿಂದ ಸಂಧಿಗೆ ಎಳೆ ತಪ್ಪದಂತೆ ಹಾಡಿದ ನೆನಪು ಅವರದು. ಅಂಥವರ ಮುಂದೆ ಕಥೆ ಹೇಳಲು ಕೂರುವವರು ಕೊಟ್ಟ ಮಾತನ್ನು ನೆನಪಿಟ್ಟುಕೊಂಡೇ ಕೂರಬೇಕು.